ಪುಣೆಯ ಟೆರೇಸಿನಲ್ಲಿ ಹಾಟ್ ಟಬ್: ದುಡ್ಡು ಕೊಡುವ ಮೊದಲು ಮಾಡಬೇಕಾದ ಕೆಲಸಗಳು

ನಮ್ಮ ಅವ್ವನಿಗೆ ಮೊಣಕಾಲು ನೋವು. ಧಾರವಾಡದ ಮನೆಯಲ್ಲಿ ಬಚ್ಚಲ ಹಂಡೆ ಇತ್ತು, ಕೆಳಗೆ ಒಲೆ ಇತ್ತು, ಬೇಕಾದಷ್ಟು ಬಿಸಿನೀರು ಇತ್ತು. ಪುಣೆಯ ಫ್ಲ್ಯಾಟಿಗೆ ಬಂದ ಮೇಲೆ ಗೀಸರಿನ ಒಂದೂವರೆ ಬಕೆಟ್ ನೀರಿಗೆ ಬಂದು ನಿಂತಿತು. ನಮ್ಮ ಮನೆಗೆ ಅಂಟಿಕೊಂಡೇ ಒಂದು ಟೆರೇಸ್ ಇದೆ. ಅಲ್ಲಿ ಒಂದು ಹಾಟ್ ಟಬ್, ಅಂದರೆ ಹೀಟರ್, ಪಂಪ್ ಇರುವ ಬಿಸಿನೀರಿನ ದೊಡ್ಡ ತೊಟ್ಟಿ, ಇಟ್ಟರೆ ಅವ್ವ ಕಾಲು ಚಾಚಿ ಕೂತ್ಕೊಳ್ಳಬಹುದು ಅಲ್ವಾ ಅಂತ ಮನೆಯವರೆಲ್ಲ ಮಾತಾಡಿಕೊಂಡೆವು. ಅಂಗಡಿಯವರು ಹೇಳಿದ್ದು ಇಷ್ಟೇ: "ಜಾಗ ತೋರಿಸಿ, ಪ್ಲಗ್ ಹಾಕಿ, ನೀರು ತುಂಬಿ."

ಆ ಮೂರು ಮಾತಿನ ನಡುವೆ ಎಷ್ಟು ಕೆಲಸ ಇದೆ ಅನ್ನೋದು ಮುಂದಿನ ನಾಲ್ಕು ತಿಂಗಳಲ್ಲಿ ಗೊತ್ತಾಯಿತು. ಈಗ ಪುಣೆಯಲ್ಲಿರುವ ನಮ್ಮ ಕನ್ನಡದ ಸ್ನೇಹಿತರು ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಕ್ರಮವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಈ ಕ್ರಮ ಬದಲಿಸಬೇಡಿ. ಟಬ್ ಬುಕ್ ಮಾಡಿ ಆಮೇಲೆ ಇಂಜಿನಿಯರನ್ನು ಕರೆದವರು ಅಡ್ವಾನ್ಸ್ ಕಳೆದುಕೊಂಡಿದ್ದನ್ನು ನೋಡಿದ್ದೇನೆ.

ಮೊದಲ ಕೆಲಸ: ತೂಕ

ಒಂದು ಲೀಟರ್ ನೀರು ಒಂದು ಕಿಲೋ. ಇದನ್ನು ಹಿಡಿದುಕೊಂಡೇ ಲೆಕ್ಕ ಶುರು ಮಾಡಿ.

ನಾಲ್ಕು ಜನ ಕೂರುವ ಟಬ್ಬಿಗೆ ಸುಮಾರು 1,200 ಲೀಟರ್ ನೀರು ಹಿಡಿಯುತ್ತದೆ ಅನ್ನಿ. ಖಾಲಿ ಟಬ್ಬಿನ ತೂಕ 250 ಕಿಲೋ. ನಾಲ್ಕು ಜನ ಇಳಿದರೆ ಇನ್ನೊಂದು 260 ಕಿಲೋ. ಒಟ್ಟು 1,710 ಕಿಲೋ. ಟಬ್ಬಿನ ಅಡಿ 2 ಮೀಟರ್ ಉದ್ದ, 2 ಮೀಟರ್ ಅಗಲ ಇದ್ದರೆ, ಪ್ರತಿ ಚದರ ಮೀಟರಿಗೆ ಸುಮಾರು 430 ಕಿಲೋ ಬೀಳುತ್ತದೆ.

ಈಗ ಸ್ಲ್ಯಾಬಿನ ಕಡೆ ನೋಡಿ. ನಮ್ಮ ದೇಶದ ಕಟ್ಟಡಗಳ ಭಾರದ ಲೆಕ್ಕಕ್ಕೆ ಐಎಸ್ 875 ಅನ್ನುವ ಮಾನಕ ಇದೆ. ಅದರ ಎರಡನೇ ಭಾಗದ ಪ್ರಕಾರ ಮನೆಯ ಕೋಣೆಗಳಿಗೆ ಚದರ ಮೀಟರಿಗೆ ಸುಮಾರು 200 ಕಿಲೋ, ಬಾಲ್ಕನಿಗೆ ಸುಮಾರು 300 ಕಿಲೋ, ಜನ ಓಡಾಡುವ ಮೇಲ್ಛಾವಣಿಗೆ ಸುಮಾರು 150 ಕಿಲೋ ಹಿಡಿದು ಲೆಕ್ಕ ಹಾಕುತ್ತಾರೆ. ನಮ್ಮ ಟಬ್ 430. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅದರ ಮೇಲೆ ಟೆರೇಸಿನಲ್ಲಿ ಬ್ರಿಕ್‌ಬ್ಯಾಟ್ ಕೋಬಾ ಹಾಕಿರುತ್ತಾರೆ, ನೀರು ಇಳಿಯದಂತೆ ಇಟ್ಟಿಗೆ ಚೂರು, ಸಿಮೆಂಟು ಸೇರಿಸಿ ಮಾಡುವ ಪದರ. ಅದರ ಭಾರವೂ ಸ್ಲ್ಯಾಬ್ ಮೇಲೇ ಇದೆ. ಹಳೆ ಕೋಬಾ ಸೋರುತ್ತಿದೆ ಅಂತ ಅದರ ಮೇಲೆ ಇನ್ನೊಂದು ಪದರ ಹಾಕಿದ ಟೆರೇಸುಗಳು ಪುಣೆಯಲ್ಲಿ ಬೇಕಾದಷ್ಟಿವೆ.

ಗಾಳಿ ತುಂಬುವ ಟಬ್ ಹಗುರ, ಅದಕ್ಕೆ ಈ ಲೆಕ್ಕ ಬೇಡ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಟಬ್ ಹಗುರವೇ, ಆದರೆ ನೀರಿನ ತೂಕ ಕಮ್ಮಿ ಆಗೋದಿಲ್ಲ. ನೀರು 10 ಸೆಂಟಿಮೀಟರ್ ಏರಿದರೆ ಚದರ ಮೀಟರಿಗೆ 100 ಕಿಲೋ ಏರಿತು. 60 ಸೆಂಟಿಮೀಟರ್ ನೀರು ನಿಂತರೆ ಅದರ ಕೆಳಗೆ 600 ಕಿಲೋ. ಪ್ಲಾಸ್ಟಿಕ್ಕಿನದಾದರೂ ಅಷ್ಟೇ, ಮರದ್ದಾದರೂ ಅಷ್ಟೇ.

ಹಾಗಾಗಿ ಮೊದಲು ಖರ್ಚು ಮಾಡಬೇಕಾದ ದುಡ್ಡು ಸ್ಟ್ರಕ್ಚರಲ್ ಇಂಜಿನಿಯರಿಗೆ, ಅಂದರೆ ಕಟ್ಟಡ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕುವವರಿಗೆ. ಪಾಲಿಕೆಯ ಲೈಸೆನ್ಸ್ ಇರುವವರನ್ನೇ ಹಿಡಿಯಿರಿ. ಅವರಿಗೆ ಕಟ್ಟಡದ ಸ್ಟ್ರಕ್ಚರಲ್ ಡ್ರಾಯಿಂಗ್ ಬೇಕು. ಸೊಸೈಟಿ ಆಫೀಸಿನ ಕಪಾಟಿನಲ್ಲಿ ಹುಡುಕಿಸಿ. ಇಲ್ಲದಿದ್ದರೆ ಬಿಲ್ಡರನ್ನು ಕೇಳಿ. ಅಲ್ಲೂ ಸಿಗದಿದ್ದರೆ ಪಾಲಿಕೆಯ ಕಟ್ಟಡ ಪರವಾನಗಿ ವಿಭಾಗಕ್ಕೆ ಅರ್ಜಿ ಹಾಕಿ, ದಾಖಲೆಯ ನಕಲು ಕೇಳಿ.

ನಮ್ಮ ಮನೆಗೆ ಬಂದ ಇಂಜಿನಿಯರ್ ಬೆಳಗಾವಿ ಕಡೆಯವರು. ಬಂದವರೇ ಚೀಲದಿಂದ ಸೀಮೆಸುಣ್ಣ ತೆಗೆದರು. ಡ್ರಾಯಿಂಗ್ ನೋಡುತ್ತ, ಟೇಪ್ ಹಿಡಿದು, ಟೆರೇಸಿನ ಟೈಲ್ಸ್ ಮೇಲೆ ಬಿಳಿ ಗೆರೆ ಎಳೆದರು. ಉದ್ದಕ್ಕೆ ಎರಡು, ಅಡ್ಡಕ್ಕೆ ಮೂರು. "ಈ ಗೆರೆ ಕೆಳಗ ಬೀಮ್ ಅದ. ಗೆರೆ ಕೂಡೋ ಜಾಗದಾಗ ಕಾಲಂ ಅದ. ನೀವು ಟಬ್ ಎಲ್ಲಿ ಇಡಬೇಕಂತೀರಿ?" ಅಂತ ಕೇಳಿದರು. ನಾನು ತೋರಿಸಿದ ಜಾಗ ನಾಲ್ಕು ಗೆರೆಗಳ ನಟ್ಟನಡುವೆ ಇತ್ತು. ಅಂದರೆ ಸ್ಲ್ಯಾಬ್ ಅತಿ ಹೆಚ್ಚು ಬಾಗುವ ಜಾಗ. ಅವರು ತಲೆ ಅಲ್ಲಾಡಿಸಿ ಮೂಲೆಗೆ ಹೋಗಿ ನಿಂತರು. ಅಲ್ಲಿ ಎರಡು ಬೀಮ್ ಮೇಲೆ ಕೂರುವಂತೆ ಸ್ಟೀಲ್ ಫ್ರೇಮ್ ಮಾಡಿ, ಚಿಕ್ಕ ಟಬ್ ಇಟ್ಟರೆ ಆಗುತ್ತದೆ, ಅದೂ ಲೆಕ್ಕ ಹಾಕಿದ ಮೇಲೆ ಅಂದರು. ನಾಲ್ಕು ಜನರ ಟಬ್ ಹೋಗಿ ಇಬ್ಬರ ಟಬ್ ಆಯಿತು. ಆ ಸೀಮೆಸುಣ್ಣದ ಗೆರೆ ಅಳಿಸದೆ ಹಾಗೇ ಬಿಟ್ಟು ಫೋಟೋ ತೆಗೆದಿಟ್ಟುಕೊಂಡೆ. ಮುಂದೆ ಎಲ್ಲ ಕಡೆ ಅದು ಉಪಯೋಗಕ್ಕೆ ಬಂತು.

ಗೋಡೆಯಿಂದ ಹೊರಗೆ ಚಾಚಿದ ಬಾಲ್ಕನಿಯಲ್ಲಿ ಮಾತ್ರ ಟಬ್ ಇಡುವ ಯೋಚನೆ ಬೇಡವೇ ಬೇಡ. ಹೊರ ತುದಿಗೆ ಕೆಳಗಿನಿಂದ ಆಧಾರ ಇರುವುದಿಲ್ಲ. ಯಾರು ಏನೇ ಹೇಳಲಿ, ಬೇಡ.

ಇಂಜಿನಿಯರ್ ಹೇಳಿದ್ದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎಷ್ಟು ಲೀಟರ್, ಯಾವ ಜಾಗ, ಎಷ್ಟು ಜನ, ಫ್ರೇಮ್ ಹೇಗೆ, ಎಲ್ಲ ಇರಬೇಕು. ಕೆಳಗೆ ಸಹಿ, ಲೈಸೆನ್ಸ್ ನಂಬರ್ ಇರಬೇಕು. ಕಟ್ಟಡ ಹೊಸದಾಗಿದ್ದರೆ ಇನ್ನೊಂದು ವಿಷಯ. ಮನೆ ಕೊಳ್ಳುವವರ ರಕ್ಷಣೆಗೆ ಇರುವ 2016ರ ರೇರಾ ಕಾಯ್ದೆಯ ಪ್ರಕಾರ ಮನೆ ಕೈಗೆ ಕೊಟ್ಟ ದಿನದಿಂದ 5 ವರ್ಷದ ತನಕ ಕಟ್ಟಡದ ರಚನೆಯ ದೋಷಕ್ಕೆ ಬಿಲ್ಡರೇ ಹೊಣೆ. ನೀವು ಯಾರನ್ನೂ ಕೇಳದೆ ಒಂದೂವರೆ ಟನ್ ಭಾರ ಹೇರಿದರೆ, ನಾಳೆ ಬಿರುಕು ಬಂದಾಗ ಬಿಲ್ಡರ್ ನಿಮ್ಮ ಟಬ್ಬನ್ನೇ ತೋರಿಸುತ್ತಾನೆ. ಆ ನಷ್ಟ ಇಡೀ ಸೊಸೈಟಿಗೆ.

ಸೊಸೈಟಿಯ ಒಪ್ಪಿಗೆ

ಮೊದಲು ನಿಮ್ಮ ಅಗ್ರಿಮೆಂಟ್ ತೆಗೆದು ಓದಿ. ಟೆರೇಸ್ ನಿಮ್ಮದು ಅಂತ ಅದರಲ್ಲಿ ಬರೆದಿದೆಯಾ? ಎಷ್ಟೋ ಕಡೆ ಬಾಗಿಲು ನಮ್ಮ ಮನೆಯೊಳಗಿಂದ ಇರುತ್ತದೆ, ಜಾಗ ಸೊಸೈಟಿಯದ್ದಾಗಿರುತ್ತದೆ. ಕಟ್ಟಡದ ಮೇಲಿನ ಎಲ್ಲರ ಟೆರೇಸಿನಲ್ಲಿ ಸ್ವಂತದ ಟಬ್ ಇಡುವ ಹಾಗಿಲ್ಲ.

ಜಾಗ ನಿಮ್ಮದೇ ಆದರೂ ಒಪ್ಪಿಗೆ ಬೇಕು. ಮಹಾರಾಷ್ಟ್ರದ ಸಹಕಾರಿ ವಸತಿ ಸೊಸೈಟಿಗಳು 1960ರ ಕಾಯ್ದೆಯ ಕೆಳಗೆ ನಡೆಯುತ್ತವೆ. ಮಾದರಿ ಉಪನಿಯಮಗಳ ಪ್ರಕಾರ ಫ್ಲ್ಯಾಟಿನಲ್ಲಿ ಯಾವುದೇ ಬದಲಾವಣೆ ಮಾಡುವ ಮುಂಚೆ ಸದಸ್ಯರು ಸಮಿತಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ತೆಗೆದುಕೊಳ್ಳಬೇಕು. ಇದನ್ನೇ ಇಲ್ಲಿ ನಾ ಹರಕತ್ ಪತ್ರ ಅನ್ನುತ್ತಾರೆ. ಸೆಕ್ರೆಟರಿ ಜೊತೆ ಲಿಫ್ಟಿನಲ್ಲಿ ಮಾತಾಡಿ "ಆಯ್ತು, ಮಾಡ್ಕೊಳ್ಳಿ" ಅನ್ನಿಸಿಕೊಂಡರೆ ಆಗೋದಿಲ್ಲ. ಮುಂದಿನ ವರ್ಷ ಸೆಕ್ರೆಟರಿ ಬದಲಾಗುತ್ತಾರೆ. ಸಮಿತಿ ಸಭೆಯ ಠರಾವಿನಲ್ಲಿ ನಿಮ್ಮ ವಿಷಯ ಬರಬೇಕು, ಅದರ ನಕಲು ನಿಮ್ಮ ಹತ್ತಿರ ಇರಬೇಕು.

ಅರ್ಜಿ ಜೊತೆ ಇಂಜಿನಿಯರ್ ಪತ್ರ, ಜಾಗದ ನಕ್ಷೆ, ನೀರು ಹೊರಹೋಗುವ ದಾರಿ, ಇವಿಷ್ಟು ಕೊಡಿ. ಕಟ್ಟಡಕ್ಕೆ 15 ವರ್ಷ ದಾಟಿದ್ದರೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಯಾವಾಗ ಆಗಿದೆ ಅಂತ ಕೇಳಿ. ಮಾದರಿ ಉಪನಿಯಮದಲ್ಲಿ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಆಡಿಟ್ ಹೇಳಿದೆ. ಆ ವರದಿಯಲ್ಲಿ ನಿಮ್ಮ ಟೆರೇಸಿನ ಬಗ್ಗೆ ಒಂದು ಸಾಲು ಕೆಟ್ಟದಾಗಿ ಬರೆದಿದ್ದರೂ ಟಬ್ಬಿನ ವಿಚಾರ ಅಲ್ಲಿಗೇ ಬಿಡಿ.

ಇನ್ನೊಂದು ಮಾತು. ಸಮಿತಿಗೆ ಹೋಗುವ ಮುಂಚೆ ಕೆಳಗಿನ ಮನೆಗೆ ಹೋಗಿ ಬನ್ನಿ. ನಮ್ಮ ಕೆಳಗೆ ಒಬ್ಬ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಇದ್ದಾರೆ, ಒಬ್ಬರೇ ಇರುವವರು. ನಾನೂ ಅವ್ವನೂ ಚಹಾಕ್ಕೆ ಹೋಗಿ ಸೀಮೆಸುಣ್ಣದ ಫೋಟೋ ತೋರಿಸಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಹಾಸಿಗೆ ಯಾವ ಗೆರೆ ಕೆಳಗೆ ಬರುತ್ತೆ?" ಆ ಪ್ರಶ್ನೆಗೆ ನೇರ ಉತ್ತರ ಕೊಡಲಿಕ್ಕೆ ಆಗಬೇಕು. ಆಗದಿದ್ದರೆ ಇನ್ನೂ ಸಿದ್ಧ ಇಲ್ಲ ಅಂತ ಅರ್ಥ.

ಪಾಲಿಕೆಯ ಪರವಾನಗಿ

ವಾರ್ಡ್ ಆಫೀಸಿಗೆ ಹೋಗಿ "ಹಾಟ್ ಟಬ್ಬಿಗೆ ಪರವಾನಗಿ ಬೇಕಾ?" ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ರಶ್ನೆಯನ್ನು ಬೇರೆ ರೀತಿ ಕೇಳಿ. ಟಬ್ ಇಡಲು ಕಟ್ಟಡದಲ್ಲಿ ಏನು ಬದಲಾಗುತ್ತದೆ ಅನ್ನೋದನ್ನು ಹೇಳಿ. 1966ರ ಎಂಆರ್‌ಟಿಪಿ, ಅಂದರೆ ಮಹಾರಾಷ್ಟ್ರದ ಪ್ರಾದೇಶಿಕ ಮತ್ತು ನಗರ ಯೋಜನೆ ಕಾಯ್ದೆಯಲ್ಲಿ ಕಟ್ಟಡದಲ್ಲಿ ಮಾಡುವ ಮಹತ್ವದ ಬದಲಾವಣೆಯೂ 'ಅಭಿವೃದ್ಧಿ' ಅನ್ನುವುದರಲ್ಲಿ ಬರುತ್ತದೆ, ಅದಕ್ಕೆ ಮೊದಲೇ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಮಾಡಿದರೆ ತೆಗೆಯಿರಿ ಅಂತ ನೋಟಿಸ್ ಕೊಡುವ ಅಧಿಕಾರ ಪಾಲಿಕೆಗೆ ಇದೆ.

ನೆಲ ಅಗೆಯುವುದು, ಸ್ಲ್ಯಾಬ್ ಕೊರೆಯುವುದು, ಟಬ್ ಸುತ್ತ ಗೋಡೆ ಕಟ್ಟುವುದು, ಬೀಮಿಗೆ ಫ್ರೇಮ್ ಬೋಲ್ಟ್ ಹಾಕಿ ಕೂರಿಸುವುದು, ಇವೆಲ್ಲ ಇದ್ದರೆ ಪಾಲಿಕೆಯ ಲೈಸೆನ್ಸ್ ಇರುವ ಆರ್ಕಿಟೆಕ್ಟ್ ಮೂಲಕವೇ ಹೋಗಿ. ಟಬ್ಬಿಗೆ ನೆರಳು ಬೇಕು ಅಂತ ಮೇಲೆ ಶೀಟ್ ಹಾಕುವುದು ಎಲ್ಲಕ್ಕಿಂತ ಜಾಸ್ತಿ ನಡೆಯುವ ತಪ್ಪು. ನಕ್ಷೆಯಲ್ಲಿ ಆಕಾಶಕ್ಕೆ ತೆರೆದಿದೆ ಅಂತ ತೋರಿಸಿದ ಟೆರೇಸನ್ನು ಮುಚ್ಚಿದರೆ ಅದು ಕಟ್ಟಿದ ಜಾಗದ ಲೆಕ್ಕಕ್ಕೆ ಬರುತ್ತದೆ. ಟಬ್ ಬಗ್ಗೆ ಯಾರೂ ಕೇಳದಿದ್ದರೂ ಶೀಟ್ ನೋಡಿ ನೋಟಿಸ್ ಬರುತ್ತದೆ.

ಏನೂ ಕಟ್ಟುವುದಿಲ್ಲ, ಸುಮ್ನೆ ತಂದು ಇಡುತ್ತೇವೆ ಅನ್ನುವವರೂ ಒಂದು ಪುಟದ ಅರ್ಜಿ ಬರೆದು, ಇಂಜಿನಿಯರ್ ಪತ್ರದ ನಕಲು ಸೇರಿಸಿ, ಕ್ಷೇತ್ರೀಯ ಕಾರ್ಯಾಲಯದಲ್ಲಿ, ಅಂದರೆ ಅದೇ ವಾರ್ಡ್ ಆಫೀಸಿನಲ್ಲಿ, ಕೊಡಿ. ಮರಾಠಿಯಲ್ಲಿ ಬರೆಸಿದರೆ ಕೆಲಸ ಬೇಗ ಆಗುತ್ತದೆ. ನಿಮ್ಮ ನಕಲಿನ ಮೇಲೆ ಆವಕ್ ಶಿಕ್ಕಾ, ಅಂದರೆ ಅರ್ಜಿ ಬಂದು ಸೇರಿದೆ ಅನ್ನುವ ಮುದ್ರೆ, ಹೊಡೆಸಿಕೊಂಡೇ ಬನ್ನಿ. ಪಿಂಪರಿ-ಚಿಂಚವಾಡದವರಿಗೆ ಅವರದೇ ಪಾಲಿಕೆ. ಎರಡೂ ಪಾಲಿಕೆಗಳ ಹೊರಗೆ, ಮುಳಶಿ ಕಡೆ ಬಂಗಲೆ ಇದ್ದವರಿಗೆ ಪುಣೆ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಪಿಎಂಆರ್‌ಡಿಎ. ಕ್ಯಾಂಪ್, ಖಡಕಿಯ ದಂಡು ಪ್ರದೇಶದಲ್ಲಿ ಕಂಟೋನ್ಮೆಂಟ್ ಬೋರ್ಡ್. ಮುಂಬಯಿಯಲ್ಲಿ ನಿಯಮದ ಪುಸ್ತಕವೇ ಬೇರೆ, ಡಿಸಿಪಿಆರ್ 2034. ಅಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಾನೂನಿನಲ್ಲೇ ಇದೆ.

ಕರೆಂಟ್

ನಾನು ಅತಿ ಹೆಚ್ಚು ಹೆದರಿದ್ದು ಇಲ್ಲಿ. ಒದ್ದೆ ಮೈ, ಬಿಸಿನೀರು, ಮೂರು ಕಿಲೋವ್ಯಾಟ್ ಹೀಟರ್, ಎಲ್ಲ ಒಂದೇ ಜಾಗದಲ್ಲಿ.

ಕರೆಂಟ್ ಕೊಡುವ ಮಹಾವಿತರಣ್ ಕಂಪನಿಯ ಬಿಲ್ ತೆಗೆದು 'ಮಂಜೂರ್ ಭಾರ್' ಅನ್ನುವ ಸಾಲು ನೋಡಿ. ಅಷ್ಟು ಕಿಲೋವ್ಯಾಟ್ ಮಾತ್ರ ನಿಮಗೆ ಮಂಜೂರಾಗಿರುವುದು. 3 ಕಿಲೋವ್ಯಾಟ್ ಹೀಟರ್ ಒಂದೇ 13 ಆಂಪಿಯರ್ ಎಳೆಯುತ್ತದೆ, ಪಂಪು ಬೇರೆ. ಮನೆಯಲ್ಲಿ ಗೀಸರ್, ಎಸಿ ಇವೆ. ಭಾರ ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕೈಯಲ್ಲೇ ಕೆಲಸ ಮಾಡಿಸಿ, ಟೆಸ್ಟ್ ರಿಪೋರ್ಟ್ ಇಸಿದುಕೊಳ್ಳಿ.

ಟಬ್ಬಿಗೆ ಮನೆಯ ಡಿಬಿಯಿಂದ (ಎಲ್ಲ ಲೈನ್ ಹೊರಡುವ ಕರೆಂಟ್ ಪೆಟ್ಟಿಗೆ) ಬೇರೆಯದೇ ಲೈನ್ ಬರಬೇಕು. ಅದಕ್ಕೆ ಸ್ವಂತ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್), ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಂತ 30 ಮಿಲಿಆಂಪಿಯರ್ ಆರ್‌ಸಿಸಿಬಿ. 3 ಕಿಲೋವ್ಯಾಟಿಗೆ ನಮ್ಮ ಕಾಂಟ್ರಾಕ್ಟರ್ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರು. ಸಾಕೆಟ್, ಸ್ವಿಚ್ ಎಲ್ಲ ಟಬ್ಬಿನ ಅಂಚಿನಿಂದ ಕನಿಷ್ಠ 2 ಮೀಟರ್ ದೂರ ಇರಲಿ. ಟಬ್ಬಿನಲ್ಲಿ ಕೂತವರ ಕೈಗೆ ಏನೂ ಸಿಗಬಾರದು, ಆದರೆ ಹೊರಗಿನವರು ಓಡಿ ಬಂದು ಆರಿಸುವಷ್ಟು ಹತ್ತಿರ ಮೇನ್ ಸ್ವಿಚ್ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಚಾರ್ಜಿಗೆ ಹಾಕಿದ ಮೊಬೈಲ್ ಟಬ್ಬಿನ ಹತ್ತಿರ ತರಬೇಡಿ. ಹತ್ತಿರ ಇರುವ ಕಬ್ಬಿಣದ ಫ್ರೇಮ್, ರೇಲಿಂಗ್, ಪೈಪು ಎಲ್ಲವನ್ನೂ ತಂತಿಯಿಂದ ಒಟ್ಟು ಸೇರಿಸಿ ಅರ್ಥಿಂಗಿಗೆ ಕೊಡಿಸಿ.

ಅರ್ಥಿಂಗ್ ವಿಷಯಕ್ಕೆ ಬರುತ್ತೇನೆ. ನಮ್ಮ ಟೆರೇಸಿನಲ್ಲಿ ಮೊದಲಿಂದಲೂ ಒಂದು 16 ಆಂಪಿಯರ್ ಸಾಕೆಟ್ ಇತ್ತು, ಮೂರು ತೂತಿನದು. ಅಂಗಡಿಯವರು ಅದನ್ನು ನೋಡಿಯೇ "ಇದು ಸಾಕು" ಅಂದಿದ್ದರು. ಕಾಂಟ್ರಾಕ್ಟರ್ ಎರಡು ಸ್ಕ್ರೂ ಬಿಚ್ಚಿ ಸಾಕೆಟನ್ನು ಹೊರಗೆ ಎಳೆದರು. ಕೆಂಪು ತಂತಿ ಇತ್ತು, ಕಪ್ಪು ತಂತಿ ಇತ್ತು. ಹಸಿರು ತಂತಿ ಪೆಟ್ಟಿಗೆಯ ಹಿಂದೆ ಮಡಚಿ ಕೂತಿತ್ತು, ತುದಿಗೆ ಟೇಪ್ ಸುತ್ತಿತ್ತು. ಅದನ್ನು ಯಾವುದಕ್ಕೂ ಸೇರಿಸಿಯೇ ಇರಲಿಲ್ಲ. ಇಷ್ಟು ವರ್ಷ ಆ ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇರಲಿಲ್ಲ. ಅವ್ವ ಪಕ್ಕದಲ್ಲೇ ನಿಂತಿದ್ದಳು. ನನಗೆ ಕಾಲು ನಡುಗಿತು.

ಆರ್‌ಸಿಸಿಬಿ ಇದ್ದರೆ ಸಾಕಲ್ವಾ ಅಂತ ಕೇಳಬಹುದು. ಅರ್ಥಿಂಗ್ ಇದ್ದರೆ ಸೋರಿದ ಕರೆಂಟ್ ಆ ಹಸಿರು ತಂತಿಯಲ್ಲಿ ಹೋಗುತ್ತದೆ, ಆರ್‌ಸಿಸಿಬಿ ಕೂಡಲೇ ಬೀಳುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಕರೆಂಟಿಗೆ ದಾರಿ ಇಲ್ಲ. ಯಾರಾದರೂ ಮುಟ್ಟಿದಾಗ ಅವರ ಮೈಯೇ ದಾರಿ. ಆಮೇಲೆ ಆರ್‌ಸಿಸಿಬಿ ಬೀಳುತ್ತದೆ. ಅದಕ್ಕೇ ಎರಡೂ ಬೇಕು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಟಕ್ ಅಂತ ಬೀಳದಿದ್ದರೆ ಟಬ್ ಬಳಸಬೇಡಿ.

ನೀರು ಬರುವುದು, ಹೋಗುವುದು

ಟಬ್ ಇಡುವ ಮುಂಚೆ ಟೆರೇಸಿನಲ್ಲಿ ನೀರು ಕಟ್ಟಿ 48 ಗಂಟೆ ನಿಲ್ಲಿಸಿ. ನಾಲ್ಕು ಬೆರಳು ನೀರು ಸಾಕು. ಕೆಳಗಿನ ಮನೆಯವರ ಒಪ್ಪಿಗೆ ತೆಗೆದುಕೊಂಡು ಅವರ ಛತ್ತನ್ನು ನೋಡಿ ಬನ್ನಿ. ಸೋರಿದರೆ ಮೊದಲು ಅದರ ರಿಪೇರಿ. ನೀವು ಮಾಡಿಸಿದ ಕೆಲಸದಿಂದ ಸೋರಿದರೆ ಖರ್ಚು ನಿಮ್ಮದೇ.

ಟಬ್ ಖಾಲಿ ಮಾಡುವ ನೀರು ಎಲ್ಲಿ ಹೋಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ಪುಣೆಯ ಎಷ್ಟೋ ಸೊಸೈಟಿಗಳಲ್ಲಿ ಟೆರೇಸಿನ ಮಳೆನೀರಿನ ಪೈಪು ಬೋರ್‌ವೆಲ್ ತುಂಬಿಸುವ ಗುಂಡಿಗೆ ಹೋಗುತ್ತದೆ. ಅದಕ್ಕೆ ಕ್ಲೋರಿನ್ ನೀರು ಬಿಟ್ಟರೆ ಎಲ್ಲರ ಬೋರ್ ನೀರು ಕೆಡುತ್ತದೆ. ಪ್ಲಂಬರನ್ನು ಕರೆದು ಬಚ್ಚಲಿನ ಡ್ರೈನೇಜ್ ಲೈನಿಗೆ ದಾರಿ ಮಾಡಿಸಿ. ನಾವು ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಹಗಲು ಮುಚ್ಚಳ ತೆಗೆದು, ಸಂಡಾಸಿಗೆ ಬಕೆಟ್ ಬಕೆಟ್ ಆಗಿ ಆ ನೀರು ಬಳಸುತ್ತೇವೆ. ಖಡಕವಾಸಲಾ, ಪಾನಶೇತ್, ವರಸಗಾಂವ್, ಟೆಮ್‌ಘರ್ ಅಣೆಕಟ್ಟುಗಳ ನೀರೇ ಈ ಊರಿಗೆ ಮುಖ್ಯ ಆಧಾರ. ಬೇಸಿಗೆಯಲ್ಲಿ ಪಾಲಿಕೆ ನೀರು ಕಡಿತ ಹೇಳಿದಾಗ ಟಬ್ ತುಂಬುವುದು ನನ್ನ ಮಟ್ಟಿಗೆ ತಪ್ಪು. ಕೆಳಗೆ ಟ್ಯಾಂಕರಿಗೆ ಕಾಯುವವರು ಇರುತ್ತಾರೆ.

ಸೋಲಾರ್ ನೀರು ತುಂಬುವವರು ಜೋಪಾನ. ಮಧ್ಯಾಹ್ನ ಅದು 60 ಡಿಗ್ರಿ ದಾಟಿರುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿ. ಗ್ಯಾಸ್ ಗೀಸರ್ ಹಚ್ಚಿ ಮುಚ್ಚಿದ ಬಚ್ಚಲಲ್ಲಿ ಟಬ್ ತುಂಬುವುದಂತೂ ಜೀವಕ್ಕೆ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಇಳಿಯುವವರಿಗೆ

ನೀರು 40 ಡಿಗ್ರಿ ದಾಟಬಾರದು. ನಾವು 38ಕ್ಕೆ ಇಡುತ್ತೇವೆ. ಒಂದು ಸಲಕ್ಕೆ 15 ನಿಮಿಷ. ಬಸುರಿಯರು, ಹೃದಯದ ತೊಂದರೆ, ಬಿಪಿ ಇರುವವರು ಡಾಕ್ಟರನ್ನು ಕೇಳದೆ ಇಳಿಯಬಾರದು. 5 ವರ್ಷದೊಳಗಿನ ಮಕ್ಕಳು ಬೇಡ. ಕುಡಿದವರು ಬೇಡ. ವಯಸ್ಸಾದವರು ಒಬ್ಬರೇ ಇಳಿಯಬಾರದು, ಬಿಸಿನೀರಿನಿಂದ ಏಳುವಾಗ ತಲೆ ಸುತ್ತುತ್ತದೆ. ಅವ್ವ ಇಳಿದಾಗ ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ.

ಟಬ್ಬಿನ ಜಾಗ ಆರಿಸುವಾಗ ಪ್ಯಾರಾಪೆಟ್, ಅಂದರೆ ಟೆರೇಸಿನ ಅಂಚಿನ ಗಿಡ್ಡ ಗೋಡೆ, ನೋಡಿ. ಗೋಡೆ ನೆಲದಿಂದ 1.2 ಮೀಟರ್ ಇದೆ, ಟಬ್ಬಿನ ಅಂಚು 90 ಸೆಂಟಿಮೀಟರ್ ಇದೆ ಅನ್ನಿ. ಮಗು ಅಂಚಿನ ಮೇಲೆ ನಿಂತರೆ ಅದರ ಪಾಲಿಗೆ ಗೋಡೆ ಬರೀ 30 ಸೆಂಟಿಮೀಟರ್. ಒದ್ದೆ ಕಾಲು ಬೇರೆ. ಟಬ್ ಪ್ಯಾರಾಪೆಟ್ಟಿಗೆ ತಾಗದಂತೆ ದೂರ ಇಡಿ, ಆಗದಿದ್ದರೆ ಸೊಸೈಟಿಯ ಒಪ್ಪಿಗೆ ಪಡೆದು ಅಲ್ಲಿ ರೇಲಿಂಗ್ ಎತ್ತರಿಸಿ.

ನೀರು ಎಳೆಯುವ ಜಾಲರಿ ಎರಡು ಕಡೆ ಇರುವ ಟಬ್ ತಗೊಳ್ಳಿ. ಒಂದು ಮುಚ್ಚಿದರೂ ಇನ್ನೊಂದು ಎಳೆಯುತ್ತದೆ, ಯಾರೂ ಅಂಟಿಕೊಳ್ಳುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ 7 ವರ್ಷದ ಹುಡುಗಿಯೊಬ್ಬಳು ಹಾಟ್ ಟಬ್ಬಿನ ತಳದ ಡ್ರೇನಿನ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. 2007ರಲ್ಲಿ ಅಲ್ಲಿ ಇದಕ್ಕೆಂದೇ ಕಾನೂನು ಬಂತು. ಜಾಲರಿ ಒಡೆದಿದ್ದರೆ ಪಂಪ್ ಹಾಕಬೇಡಿ. ಉದ್ದ ಕೂದಲಿದ್ದವರು ಎತ್ತಿ ಗಂಟು ಕಟ್ಟಿಕೊಳ್ಳಿ. ಮುಚ್ಚಳಕ್ಕೆ ಬೀಗ ಇರಲಿ, ಕೀಲಿ ಮಕ್ಕಳಿಗೆ ಸಿಗದ ಎತ್ತರದಲ್ಲಿ ಇರಲಿ.

ಬಿಸಿ, ಗುಳ್ಳೆ ಏಳುವ ನೀರಿನಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ. 25ರಿಂದ 45 ಡಿಗ್ರಿ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ಆವಿಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರತಿ ಸಲ ಇಳಿಯುವ ಮುಂಚೆ ನೀರು ಪರೀಕ್ಷಿಸುವ ಪಟ್ಟಿ ಅದ್ದಿ ನೋಡಿ: ಕ್ಲೋರಿನ್ ಕನಿಷ್ಠ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ), ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ 7.2ರಿಂದ 7.8. ಕ್ಲೋರಿನ್ ಡಬ್ಬಿ, ಆಸಿಡ್ ಬಾಟಲಿ ಒಂದೇ ಕಪಾಟಿನಲ್ಲಿ ಇಡಬೇಡಿ. ಎರಡೂ ಕೂಡಿದರೆ ವಿಷದ ಗಾಳಿ ಏಳುತ್ತದೆ.

ಮಳೆಗಾಲ

ಜೂನ್ ಮೊದಲ ವಾರ ನಾವು ಟಬ್ ಖಾಲಿ ಮಾಡಿ, ಒಣಗಿಸಿ, ಮೇನ್ ಆರಿಸುತ್ತೇವೆ. ಮುಚ್ಚಳದ ಮೇಲೆ ನೀರು ನಿಲ್ಲದಂತೆ ಇಳಿಜಾರಾಗಿ ತಾಡಪತ್ರಿ ಬಿಗಿಯುತ್ತೇವೆ. ಡೆಂಗಿ ಸೊಳ್ಳೆಗೆ ಒಂದು ಬಟ್ಟಲು ನೀರು ಸಾಕು, ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಸೊಳ್ಳೆ ಮರಿ ಕಂಡರೆ ಪಾಲಿಕೆಯ ಆರೋಗ್ಯ ವಿಭಾಗ ನೋಟಿಸ್ ಕೊಡುತ್ತದೆ, ದಂಡವನ್ನೂ ಹಾಕುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ತಾಡಪತ್ರಿಯ ಮಡಿಕೆಗಳನ್ನು, ಟಬ್ಬಿನ ತಳವನ್ನು ಕೈಯಾಡಿಸಿ ನೋಡುತ್ತೇನೆ.

ಮತ್ತೆ ತುಂಬುವುದು ದೀಪಾವಳಿಗೆ, ನೀರು ತುಂಬುವ ಹಬ್ಬದ ಸಂಜೆ. ಅದಕ್ಕೂ ಒಂದು ವಾರ ಮುಂಚೆ ಕಾಂಟ್ರಾಕ್ಟರ್ ಬಂದು ಅರ್ಥಿಂಗ್ ಅಳೆದು, ಆರ್‌ಸಿಸಿಬಿ ನೋಡಿ ಹೋಗುತ್ತಾರೆ. ಆಮೇಲೆ ಅವ್ವ ಟಬ್ಬಿನ ಅಂಚಿಗೆ ಅರಿಶಿನ ಕುಂಕುಮ ಹಚ್ಚುತ್ತಾಳೆ, ನಾನು ನಲ್ಲಿ ತಿರುಗಿಸುತ್ತೇನೆ.